ಅರ್ಜಿ ನಮೂನೆಗಳಲ್ಲಿ ಬರುವ ‘ಪಿ’ ಅಕ್ಷರವುಳ್ಳ ಮೂರಕ್ಷರದ ಇಂಗ್ಲಿಷ್ ಪದಗಳು ಮತ್ತು ಅವುಗಳ ಅರ್ಥ

ಹುಲಸೂರ ಹಾಗೂ ನೆರೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಸಾರ್ವಜನಿಕರು ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಿಂಚಣಿ, ಪಡಿತರ ಚೀಟಿ, ವಿದ್ಯಾರ್ಥಿವೇತನ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವಾಗ ಇಂಗ್ಲಿಷಿನ ಮೂರೇ ಅಕ್ಷರಗಳುಳ್ಳ ಹಲವು ಪದಗಳು ಎದುರಾಗುತ್ತವೆ. ಅವುಗಳಲ್ಲಿ ‘ಪಿ’ ಅಕ್ಷರವುಳ್ಳ ಪದಗಳು ಒಂದನ್ನೊಂದು ಹೋಲುತ್ತವೆ. ಆದರೆ ಆ ಒಂದೇ ಅಕ್ಷರವು ಒಂದು ಪದದಲ್ಲಿ ಅಂಚೆಯನ್ನು, ಮತ್ತೊಂದರಲ್ಲಿ ಬಡತನವನ್ನು, ಮಗದೊಂದರಲ್ಲಿ ಗುಪ್ತಪದವನ್ನು ಸೂಚಿಸುತ್ತದೆ. ಇವುಗಳಲ್ಲಿ ಕೆಲವನ್ನು ಅರ್ಜಿಯಲ್ಲಿ ಬರೆಯಬೇಕು, ಕೆಲವನ್ನು ಗೋಪ್ಯವಾಗಿಡಬೇಕು. ಈ ವ್ಯತ್ಯಾಸ ತಿಳಿಯದಿದ್ದಲ್ಲಿ ಅರ್ಜಿ ಹಿಂದಿರುಗುವುದಷ್ಟೇ ಅಲ್ಲದೆ, ಖಾತೆಯಲ್ಲಿನ ಹಣವನ್ನೂ ಕಳೆದುಕೊಳ್ಳುವ ಸಂಭವವಿರುತ್ತದೆ. ಆದುದರಿಂದ ಈ ಪದಗಳ ವಿವರಣೆಯನ್ನು ಅರ್ಜಿದಾರರ ಮಾಹಿತಿಗಾಗಿ ಕೆಳಗೆ ನೀಡಲಾಗಿದೆ.

ಇಲ್ಲಿ ‘ಮೂರಕ್ಷರ’ ಎಂದರೆ ಇಂಗ್ಲಿಷ್ ಲಿಪಿಯ ಮೂರು ಅಕ್ಷರಗಳೆಂದು ತಿಳಿಯತಕ್ಕದ್ದು.

1. ಪಿನ್ (ವಿಳಾಸಕ್ಕೆ ಸಂಬಂಧಿಸಿದ್ದು)
ವಿಸ್ತೃತ ರೂಪ: ಪೋಸ್ಟಲ್ ಇಂಡೆಕ್ಸ್ ನಂಬರ್. ‘ಪಿ’ ಎಂದರೆ ಪೋಸ್ಟಲ್, ಅಂದರೆ ಅಂಚೆಯ. ಈ ಪದ್ಧತಿಯು 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. ಇದರಲ್ಲಿ ಆರು ಅಂಕಿಗಳಿರುತ್ತವೆ. ಬೀದರ 585401, ಬಸವಕಲ್ಯಾಣ 585327, ಹುಮನಾಬಾದ್ 585330 ಆಗಿದ್ದು, ಮೊದಲ ಮೂರು ಅಂಕಿಗಳು ಒಂದೇ ಆಗಿರುವುದನ್ನು ಗಮನಿಸಬಹುದು. ಗಡಿಯಾಚೆಯ ಮಹಾರಾಷ್ಟ್ರದ ಪಿನ್ 4ರಿಂದ ಆರಂಭವಾಗುತ್ತದೆ.

ಹುಲಸೂರವು ಬಸವಕಲ್ಯಾಣ ತಾಲ್ಲೂಕಿನಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಗಿದೆ. ಪಿನ್ ಎಂಬುದು ಅಂಚೆ ಬಟವಾಡೆ ಮಾಡುವ ಕಚೇರಿಯನ್ನು ಅನುಸರಿಸುತ್ತದೆಯೇ ಹೊರತು ತಾಲ್ಲೂಕಿನ ಗಡಿಯನ್ನಲ್ಲ. ಆದ್ದರಿಂದ ತಾಲ್ಲೂಕು ಬದಲಾದ ಮಾತ್ರಕ್ಕೆ ಪಿನ್ ಬದಲಾಗುವುದಿಲ್ಲ. ಅರ್ಜಿದಾರರು ತಾಲ್ಲೂಕಿನ ಕಾಲಂನಲ್ಲಿ ಹೊಸ ತಾಲ್ಲೂಕನ್ನೂ, ಪಿನ್ ಕಾಲಂನಲ್ಲಿ ತಮ್ಮ ಅಂಚೆ ಕಚೇರಿಯ ಸಂಖ್ಯೆಯನ್ನೂ ಬರೆಯತಕ್ಕದ್ದು.

2. ಬಿಪಿಎಲ್, ಎಪಿಎಲ್ ಮತ್ತು ಪಿಎಚ್‌ಎಚ್
ಮೊದಲೆರಡರಲ್ಲಿ ‘ಪಿ’ ಎಂದರೆ ಪಾವರ್ಟಿ, ಅಂದರೆ ಬಡತನ. ಬಿಪಿಎಲ್ ಎಂದರೆ ಬಡತನ ರೇಖೆಗಿಂತ ಕೆಳಗೆ; ಎಪಿಎಲ್ ಎಂದರೆ ಬಡತನ ರೇಖೆಗಿಂತ ಮೇಲೆ. ಎರಡಕ್ಕೂ ಇರುವ ಅಂತರ ಮೊದಲ ಅಕ್ಷರವೊಂದೇ ಆದುದರಿಂದ ಬರೆಯುವಾಗ ಎಚ್ಚರ ಅಗತ್ಯ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯನ್ವಯ ‘ಆದ್ಯತಾ ಕುಟುಂಬ’ ಎಂಬ ಅರ್ಥದಲ್ಲಿ ಪಿಎಚ್‌ಎಚ್ ಎಂಬ ಪದ ಬಳಕೆಯಲ್ಲಿದೆ. ಇದರಲ್ಲಿ ‘ಪಿ’ ಎಂದರೆ ಪ್ರಯಾರಿಟಿ, ಅಂದರೆ ಆದ್ಯತೆ. ಪಡಿತರ ಚೀಟಿಯಲ್ಲಿ ಮುದ್ರಿತವಾಗಿರುವ ವರ್ಗವನ್ನೇ ಅರ್ಜಿಯಲ್ಲಿ ನಮೂದಿಸತಕ್ಕದ್ದು.

3. ಪ್ಯಾನ್
ವಿಸ್ತೃತ ರೂಪ: ಪರ್ಮನೆಂಟ್ ಅಕೌಂಟ್ ನಂಬರ್. ‘ಪಿ’ ಎಂದರೆ ಪರ್ಮನೆಂಟ್, ಅಂದರೆ ಶಾಶ್ವತ. ಆದಾಯ ತೆರಿಗೆ ಇಲಾಖೆಯು ನೀಡುವ ಈ ಸಂಖ್ಯೆಯಲ್ಲಿ ಹತ್ತು ಸ್ಥಾನಗಳಿರುತ್ತವೆ: ಮೊದಲು ಐದು ಅಕ್ಷರ, ನಂತರ ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ. ವ್ಯಕ್ತಿಯ ಪ್ಯಾನ್‌ನಲ್ಲಿ ನಾಲ್ಕನೆಯ ಅಕ್ಷರವು ಸದಾ ‘ಪಿ’ ಆಗಿದ್ದು, ಅದು ಪರ್ಸನ್, ಅಂದರೆ ವ್ಯಕ್ತಿ ಎಂಬುದನ್ನು ಸೂಚಿಸುತ್ತದೆ. ಐದನೆಯದು ಅಡ್ಡಹೆಸರಿನ ಮೊದಲ ಅಕ್ಷರ. ಪಾಟೀಲ ಎಂಬ ಅಡ್ಡಹೆಸರಿದ್ದಲ್ಲಿ ನಾಲ್ಕನೆಯ, ಐದನೆಯ ಎರಡೂ ಸ್ಥಾನಗಳಲ್ಲಿ ‘ಪಿ’ ಬರುತ್ತದೆ. ‘ಓ’ ಅಕ್ಷರವನ್ನೂ ಸೊನ್ನೆಯನ್ನೂ ಅದಲುಬದಲು ಮಾಡಬಾರದು. ಸೊನ್ನೆಯು ಆರರಿಂದ ಒಂಬತ್ತನೆಯ ಸ್ಥಾನಗಳಲ್ಲಿ ಮಾತ್ರ ಬರಲು ಸಾಧ್ಯ.

4. ಒಟಿಪಿ
ವಿಸ್ತೃತ ರೂಪ: ಒನ್ ಟೈಮ್ ಪಾಸ್‌ವರ್ಡ್. ‘ಪಿ’ ಎಂದರೆ ಪಾಸ್‌ವರ್ಡ್, ಅಂದರೆ ಗುಪ್ತಪದ. ಒಂದೇ ಬಾರಿ, ಅಲ್ಪಾವಧಿಗೆ ಮಾತ್ರ ಊರ್ಜಿತವಾಗಿರುವ ಈ ಸಂಖ್ಯೆಯು ಅರ್ಜಿದಾರರ ಮೊಬೈಲಿಗೆ ಬರುತ್ತದೆ. ಇದನ್ನು ತಿಳಿಸುವುದೆಂದರೆ ತಮ್ಮ ಪರವಾಗಿ ಒಪ್ಪಿಗೆಯ ಸಹಿ ಮಾಡಿದಂತೆ. ಸೇವಾ ಕೇಂದ್ರದಲ್ಲಿ ಖುದ್ದಾಗಿ ಅರ್ಜಿ ಸಲ್ಲಿಸುವಾಗ, ಆ ಸಂದೇಶವು ಯಾವ ಉದ್ದೇಶಕ್ಕೆ ಬಂದಿದೆ ಎಂಬುದನ್ನು ಓದಿ ಅಥವಾ ನಂಬಿಕಸ್ಥರಿಂದ ಓದಿಸಿಕೊಂಡು, ಅದೇ ಅರ್ಜಿಗೆ ಸಂಬಂಧಿಸಿದ್ದಲ್ಲಿ ಮಾತ್ರ ಬಳಸತಕ್ಕದ್ದು. ದೂರವಾಣಿಯಲ್ಲಿ ಕೇಳಿದವರಿಗೆ, ಅವರು ಯಾವ ಹೆಸರು ಹೇಳಿಕೊಂಡರೂ, ತಿಳಿಸಬಾರದು.

5. ಯುಪಿಐ ಮತ್ತು ಎರಡನೆಯ ಪಿನ್
ಯುಪಿಐ ಎಂಬುದು 2016ರಲ್ಲಿ ಆರಂಭವಾದ ಮೊಬೈಲ್ ಮೂಲಕ ಹಣ ಪಾವತಿಸುವ ವ್ಯವಸ್ಥೆ. ಇದರಲ್ಲಿ ‘ಪಿ’ ಎಂದರೆ ಪೇಮೆಂಟ್ಸ್, ಅಂದರೆ ಪಾವತಿ. ಇದಕ್ಕೂ, ಎಟಿಎಂ ಕಾರ್ಡಿಗೂ ಬಳಸುವ ಪಿನ್ ಬೇರೆಯೇ ಆಗಿದ್ದು, ಅದರ ವಿಸ್ತೃತ ರೂಪ ಪರ್ಸನಲ್ ಐಡೆಂಟಿಫಿಕೇಶನ್ ನಂಬರ್. ಇಲ್ಲಿ ‘ಪಿ’ ಎಂದರೆ ಪರ್ಸನಲ್, ಅಂದರೆ ಸ್ವಂತದ್ದು. ಅರ್ಜಿಯಲ್ಲಿ ‘ಪಿನ್’ ಎಂದು ಕೇಳಿದ್ದಲ್ಲಿ ಅದು ಅಂಚೆಯ ಪಿನ್ ಮಾತ್ರ. ಬ್ಯಾಂಕಿನ ಪಿನ್‌ನ್ನು ಯಾವುದೇ ಅರ್ಜಿಯಲ್ಲಿ ಬರೆಯಬೇಕಾಗಿಲ್ಲ. ಹಣ ಕಳುಹಿಸಲು ಯುಪಿಐ ಪಿನ್ ಬೇಕು. ಹಣ ಪಡೆಯಲು ಬೇಕಾಗಿಲ್ಲ. ಪಿಂಚಣಿ ಅಥವಾ ಸಹಾಯಧನ ಜಮೆ ಮಾಡುವುದಕ್ಕಾಗಿ ಪಿನ್ ಒತ್ತಿರೆಂದು ಯಾರಾದರೂ ಹೇಳಿದಲ್ಲಿ ಅದು ವಂಚನೆಯೆಂದು ತಿಳಿಯತಕ್ಕದ್ದು.

ಸಾರಾಂಶ: ಅಂಚೆಯ ಪಿನ್ ಮತ್ತು ಪಡಿತರ ಚೀಟಿಯ ವರ್ಗವನ್ನು ಅರ್ಜಿಯಲ್ಲಿ ಬರೆಯಬಹುದು. ಪ್ಯಾನ್ ಅನ್ನು ನಮೂನೆಯಲ್ಲಿ ಕೇಳಿದ್ದಲ್ಲಿ ಮಾತ್ರ ನೀಡಬೇಕು. ಒಟಿಪಿಯನ್ನು ಓದಿ ತಿಳಿದ ನಂತರವೇ ಬಳಸಬೇಕು. ಬ್ಯಾಂಕಿನ ಪಿನ್ ಯಾರಿಗೂ ತಿಳಿಸತಕ್ಕದ್ದಲ್ಲ. ಹಣ ವಂಚನೆಗೆ ಒಳಗಾದಲ್ಲಿ ವಿಳಂಬ ಮಾಡದೆ 1930 ಸಂಖ್ಯೆಗೆ ಕರೆ ಮಾಡಿ, ತಮ್ಮ ಬ್ಯಾಂಕಿಗೂ ತಿಳಿಸಲು ಕೋರಲಾಗಿದೆ.