ಐದನೆಯವರಿಗೆ ಹಾಸಿಗೆ ಎಲ್ಲಿ?

1951ರ ಬೇಸಿಗೆ. ಅಮೆರಿಕದ ಮೆಂಫಿಸ್‌ನಲ್ಲಿ ಮನೆ ಕಟ್ಟಿಸಿ ಮಾರುತ್ತಿದ್ದ ಕೆಮನ್ಸ್ ವಿಲ್ಸನ್ ಹೆಂಡತಿಯನ್ನೂ ಐವರು ಮಕ್ಕಳನ್ನೂ ಕಾರಿನಲ್ಲಿ ಕೂರಿಸಿಕೊಂಡು ವಾಷಿಂಗ್ಟನ್ ನೋಡಲು ಹೊರಟರು. ದಾರಿಯ ಮೋಟೆಲ್‌ಗಳಲ್ಲಿ ಕೋಣೆ ಬಾಡಿಗೆಯ ಮೇಲೆ ಮಗುವಿಗೆ ಎರಡು ಡಾಲರ್‌ನಂತೆ ಬೇರೆ ಕೇಳಿದರು. ಕೋಣೆ ಒಂದೇ, ಲೆಕ್ಕ ಮಾತ್ರ ತಲೆಗಿಷ್ಟು. ರೇಗಿದ ವಿಲ್ಸನ್ ಮರುವರ್ಷದ ಆಗಸ್ಟ್‌ನಲ್ಲಿ ತಮ್ಮೂರಲ್ಲೇ ಮೊದಲ ‘ಹಾಲಿಡೇ ಇನ್’ ತೆರೆದರು. ಅಪ್ಪ ಅಮ್ಮನ ಜೊತೆ ಒಂದೇ ಕೋಣೆಯಲ್ಲಿ ಮಲಗುವ ಮಕ್ಕಳಿಗೆ ಅಲ್ಲಿ ದುಡ್ಡಿಲ್ಲ. ಇಂದು ಥೀಮ್ ಪಾರ್ಕ್ ಹೋಟೆಲ್‌ಗಳಲ್ಲಿ ಕಾಣುವ ‘ಫ್ಯಾಮಿಲಿ ಸೂಟ್’ಗಳ ಕತೆ ಇಂಥದ್ದೇ ಜಗಳದಿಂದ ಬೆಳೆದದ್ದು. ಮಕ್ಕಳ ಬಾಡಿಗೆಯ ಜಗಳ ಮುಗಿದ ಮೇಲೆ ಅವರನ್ನು ಎಲ್ಲಿ ಮಲಗಿಸುವುದೆಂಬ ಪ್ರಶ್ನೆ ಎದ್ದಿತು.

ವಾಲ್ಟ್ ಡಿಸ್ನಿ 1955ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಸುತ್ತಲಿನ ಜಾಗ ಅವರದಾಗಿರಲಿಲ್ಲ. ಪಾರ್ಕ್‌ಗೆ ಬಂದ ಜನರನ್ನು ನಂಬಿ ಪಕ್ಕದಲ್ಲಿ ಮೋಟೆಲ್‌ಗಳ ಸಾಲು ಎದ್ದಿತು. ಆ ಲಾಭ ಬೇರೆಯವರ ಜೇಬು ಸೇರಿತು. ಆ ಪಾಠ ಕಲಿತ ಕಂಪನಿ ಅರವತ್ತರ ದಶಕದಲ್ಲಿ ಫ್ಲಾರಿಡಾದ ಒರ್ಲ್ಯಾಂಡೊ ಬಳಿ ಬೇರೆ ಬೇರೆ ಹೆಸರಿನಲ್ಲಿ ಸದ್ದಿಲ್ಲದೆ ಸುಮಾರು 27,000 ಎಕರೆ ಖರೀದಿಸಿತು. 1971ರ ಅಕ್ಟೋಬರ್‌ನಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್ ಶುರುವಾದಾಗ ಕಾಂಟೆಂಪೊರರಿ ಮತ್ತು ಪಾಲಿನೇಷ್ಯನ್ ಎಂಬ ಎರಡು ಹೋಟೆಲ್‌ಗಳೂ ಜೊತೆಗೇ ಬಾಗಿಲು ತೆರೆದವು. ಕಾಂಟೆಂಪೊರರಿಯ ಒಡಲೊಳಗೇ ಮೋನೊರೈಲು ಹಾದುಹೋಗುತ್ತಿತ್ತು. ಆದರೆ ಕೈ ಹಿಡಿದು ಖರ್ಚು ಮಾಡುವ ಸಂಸಾರಗಳು ಹೊರಗೆ, ಕಿಸಿಮ್ಮಿಯ 192ನೇ ಹೆದ್ದಾರಿಯ ಮೋಟೆಲ್‌ಗಳಲ್ಲೇ ಉಳಿದವು.

ಅವರನ್ನು ಒಳಗೆ ಕರೆತರುವ ಕೆಲಸ ಡಿಸ್ನಿ ಮುಖ್ಯಸ್ಥ ಮೈಕೆಲ್ ಐಸ್ನರ್ ಕಾಲದಲ್ಲಿ ಆಯಿತು. 1988ರಲ್ಲಿ ಮಧ್ಯಮ ದರದ ಕೆರಿಬಿಯನ್ ಬೀಚ್ ಹೋಟೆಲ್ ಬಂತು. 1994ರಲ್ಲಿ ಇನ್ನೂ ಅಗ್ಗದ ಆಲ್-ಸ್ಟಾರ್ ಹೋಟೆಲ್‌ಗಳು. ಇವು ಹೆದ್ದಾರಿ ಮೋಟೆಲ್‌ನದೇ ಕಟ್ಟೋಣ: ಉದ್ದನೆಯ ಮಹಡಿಗಳು, ಹೊರಗಿನ ಮೊಗಸಾಲೆಗೆ ತೆರೆಯುವ ಬಾಗಿಲುಗಳು. ಅದರ ಮೇಲೆ ಮಹಡಿಯೆತ್ತರದ ಬೊಂಬೆಗಳು, ಗಿಟಾರ್ ಆಕಾರದ ಈಜುಕೊಳ. ಕೋಣೆ ಮಾತ್ರ 260 ಚದರ ಅಡಿ. ಗರಿಷ್ಠ ನಾಲ್ಕು ಜನ, ಜೊತೆಗೆ ತೊಟ್ಟಿಲಿನಲ್ಲಿ ಮಲಗುವ ಮೂರು ವರ್ಷದೊಳಗಿನ ಮಗು. ಮೂರನೇ ಮಗುವೋ ಅಜ್ಜಿಯೋ ಜೊತೆಗೆ ಬಂದರೆ ಎರಡು ಕೋಣೆ ಹಿಡಿಯಬೇಕು. ಅಗ್ಗದ ಹೋಟೆಲ್ ಅಲ್ಲಿಗೆ ದುಬಾರಿ.

ಈ ಐದನೆಯವರನ್ನು ಮೊದಲು ಗಮನಿಸಿದವರು ಗೇಟಿನ ಹೊರಗಿದ್ದ ಹೋಟೆಲ್‌ನವರು. ತೊಂಬತ್ತರ ದಶಕದಲ್ಲಿ ಒರ್ಲ್ಯಾಂಡೊದ ಹಾಲಿಡೇ ಇನ್‌ಗಳು ಕೋಣೆಯೊಳಗೇ ಮಕ್ಕಳಿಗೊಂದು ಪುಟ್ಟ ಕೋಣೆ ಕಟ್ಟಿಕೊಟ್ಟವು. 1999ರಲ್ಲಿ ಸೂಟ್‌ಗಳದ್ದೇ ಒಂದು ಹೋಟೆಲ್ ಎದ್ದಿತು. 2005ರಲ್ಲಿ ಅದು ಮಕ್ಕಳ ಟಿ.ವಿ. ವಾಹಿನಿ ನಿಕೆಲೋಡಿಯನ್‌ನ ಹೆಸರು ಹೊತ್ತುಕೊಂಡಿತು. ಡಿಸ್ನಿ ಎಚ್ಚೆತ್ತಿತು. 2006ರ ಹೊತ್ತಿಗೆ ಆಲ್-ಸ್ಟಾರ್ ಮ್ಯೂಸಿಕ್‌ನ ಕೆಲವು ಕೋಣೆಗಳನ್ನು ಎರಡೆರಡಾಗಿ ಕೂಡಿಸಿ ಸೂಟ್ ಮಾಡಿತು. ವಿಸ್ತೀರ್ಣ 520 ಚದರ ಅಡಿ, ಅಂದರೆ 260ರ ಸರಿಯಾಗಿ ಎರಡರಷ್ಟು. ಬೆಂಗಳೂರಿನ 20x30 ಸೈಟಿಗಿಂತ ತುಸು ಚಿಕ್ಕದು. ಕೂಡಿಸಿದ ಎರಡು ಕೋಣೆಗಳಿಗೂ ಸ್ನಾನದ ಮನೆ ಇದ್ದದ್ದರಿಂದ ಸೂಟ್‌ಗೂ ಎರಡು ಬಂದವು. ಬೆಳಿಗ್ಗೆ ಏಳಕ್ಕೆ ಆರು ಜನ ಹೊರಡಬೇಕಾದಾಗ ಈ ಎರಡನೆಯದರ ಬೆಲೆ ತಿಳಿಯುತ್ತದೆ.

ಮುಂದಿನ ಹೆಜ್ಜೆಗೆ ಪಾಳುಬಿದ್ದ ಕಟ್ಟಡಗಳು ನೆಲ ಒದಗಿಸಿದವು. ಪಾಪ್ ಸೆಂಚುರಿ ಎಂಬ ಹೋಟೆಲನ್ನು ಕೆರೆಯ ಎರಡು ದಡದಲ್ಲಿ ಕಟ್ಟುವ ಯೋಜನೆಯಿತ್ತು. 2001ರ ಸೆಪ್ಟೆಂಬರ್ ದಾಳಿಯ ನಂತರ ಪ್ರವಾಸ ಕುಸಿಯಿತು. ಒಂದು ದಡದ್ದು 2003ರಲ್ಲಿ ತೆರೆಯಿತು, ಇನ್ನೊಂದು ದಡದ್ದು ಅರ್ಧಕ್ಕೇ ನಿಂತು ವರ್ಷಗಟ್ಟಲೆ ಖಾಲಿ ಉಳಿಯಿತು. 2012ರಲ್ಲಿ ಅದೇ ಜಾಗದಲ್ಲಿ ‘ಆರ್ಟ್ ಆಫ್ ಆ್ಯನಿಮೇಷನ್’ ಬಂತು. ಅದರ 1,984 ಕೋಣೆಗಳಲ್ಲಿ 1,120 ಫ್ಯಾಮಿಲಿ ಸೂಟ್‌ಗಳೇ: ನೀಮೊ, ಕಾರ್ಸ್, ಲಯನ್ ಕಿಂಗ್ ಚಿತ್ರಗಳ ಅಲಂಕಾರ, ಸುಮಾರು 565 ಚದರ ಅಡಿ, ಎರಡು ಸ್ನಾನದ ಮನೆ, ಮೈಕ್ರೊವೇವ್, ಸಣ್ಣ ಫ್ರಿಜ್. ಊಟದ ಮೇಜಿನಲ್ಲೊಂದು ಉಪಾಯವಿದೆ. ರಾತ್ರಿ ತಟ್ಟೆ ಲೋಟ ತೆಗೆದು ಎಳೆದರೆ ಮೇಜು ಅಡಿಗೆ ಸರಿದು ಗೋಡೆಯಿಂದ ಇಬ್ಬರ ಹಾಸಿಗೆ ಇಳಿಯುತ್ತದೆ. ಒಳಕೋಣೆಯ ಮಂಚಕ್ಕೆ ಇಬ್ಬರು, ಸೋಫಾಕ್ಕೆ ಇಬ್ಬರು, ಮೇಜಿನ ಮೇಲೆ ಇಬ್ಬರು.

ಪ್ರತಿಸ್ಪರ್ಧಿ ಯೂನಿವರ್ಸಲ್ 2014ರಲ್ಲಿ ಕಬಾನಾ ಬೇ ತೆರೆದಾಗ 1,800 ಕೋಣೆಗಳಲ್ಲಿ ಅರ್ಧದಷ್ಟನ್ನು ಸೂಟ್ ಮಾಡಿತು. ವಿಸ್ತೀರ್ಣ 430 ಚದರ ಅಡಿ, ಸ್ನಾನದ ಮನೆ ಒಂದೇ. ಆದರೆ ಶವರ್, ಬೇಸಿನ್, ಕಮೋಡು ಬೇರೆ ಬೇರೆ ಭಾಗದಲ್ಲಿರುವುದರಿಂದ ಒಬ್ಬರಿಗಾಗಿ ಉಳಿದವರು ಕಾಯಬೇಕಿಲ್ಲ.

ಆರು ಜನ ಎಂದರೆ ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೂ ಪರಿಚಿತ ಲೆಕ್ಕ. ಗಂಡ ಹೆಂಡತಿ, ಇಬ್ಬರು ಮಕ್ಕಳು, ವಿಸಿಟರ್ ವೀಸಾದಲ್ಲಿ ಊರಿಂದ ಬಂದ ಅಪ್ಪ ಅಮ್ಮ. ಫ್ರಿಜ್‌ನಲ್ಲಿ ಮೊಸರು ನಿಂತರೆ, ಮೈಕ್ರೊವೇವ್‌ನಲ್ಲಿ ಅನ್ನ ಬಿಸಿಯಾದರೆ ಪಾರ್ಕ್‌ನೊಳಗಿನ ಊಟದ ಬಿಲ್ಲು ಒಂದು ಹೊತ್ತಿನದಾದರೂ ಉಳಿಯುತ್ತದೆ.

ಹಾಗಾದರೆ ಯಾವುದು ಅಗ್ಗ? ಮನೆಯವರು ನಾಲ್ವರೇ ಆದರೆ ಸೂಟ್‌ನ ಗೋಜು ಬೇಡ. ಐವರಿದ್ದು ಐದನೆಯವರು ಪುಟ್ಟ ಮಗುವಾದರೆ ಕೆರಿಬಿಯನ್ ಬೀಚ್‌ನ ಹಲವು ಕೋಣೆಗಳಲ್ಲಿ ಮಗುವಿನ ಅಳತೆಯ ಮಡಚುವ ಹಾಸಿಗೆ ಇದೆ. ಆರು ಜನರಿದ್ದರೆ ಸೂಟ್‌ನ ದರದ ಪಕ್ಕದಲ್ಲಿ ಅದೇ ತಾರೀಕಿಗೆ ಆಲ್-ಸ್ಟಾರ್‌ನ ಎರಡು ಕೋಣೆಗಳ ದರವನ್ನೂ ತೆರಿಗೆ ಸೇರಿಸಿ ಬರೆದು ನೋಡಬೇಕು. ಆರ್ಟ್ ಆಫ್ ಆ್ಯನಿಮೇಷನ್‌ನ ಸೂಟ್ ಎಷ್ಟೋ ದಿನ ಅಂಥ ಎರಡು ಕೋಣೆಗಳಿಗಿಂತ ದುಬಾರಿ. ಆ ಹೆಚ್ಚಿನ ಹಣಕ್ಕೆ ಸಿಗುವ ಅನುಕೂಲ, ಡಿಸ್ನಿಯ ಎಪ್ಕಾಟ್ ಮತ್ತು ಹಾಲಿವುಡ್ ಸ್ಟುಡಿಯೋಸ್ ಪಾರ್ಕ್‌ಗಳಿಗೆ ಒಯ್ಯುವ, 2019ರಲ್ಲಿ ಶುರುವಾದ ಸ್ಕೈಲೈನರ್ ತೂಗುತೊಟ್ಟಿಲು. ಆಲ್-ಸ್ಟಾರ್‌ನವರಿಗೆ ಬಸ್ಸೇ ಗತಿ. ಕ್ರಿಸ್‌ಮಸ್ ವಾರದಲ್ಲಿ ಎಲ್ಲ ದರವೂ ಮುಗಿಲು ಮುಟ್ಟುತ್ತದೆ, ಶಾಲೆ ಶುರುವಾದ ಸೆಪ್ಟೆಂಬರ್‌ನಲ್ಲಿ ಇಳಿಯುತ್ತದೆ. ಅದು ಚಂಡಮಾರುತದ ಕಾಲವೂ ಹೌದು.

ಹಿರಿಯರು ಜೊತೆಗಿದ್ದರೆ ಇನ್ನೊಂದು ಮಾತು. ಸೂಟ್‌ನಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಮಲಗುವ ಕೋಣೆ ಒಂದೇ. ಹಾಲ್‌ನ ಸೋಫಾದಲ್ಲಿ ಮಲಗುವವರು ಟಿ.ವಿ. ಆರುವ ತನಕ, ಮಕ್ಕಳ ಗಲಾಟೆ ಅಡಗುವ ತನಕ ಎದ್ದಿರಬೇಕು. ಅಪ್ಪ ಅಮ್ಮ ಒಂಬತ್ತಕ್ಕೇ ಮಲಗುವವರಾದರೆ ಒಳಕೋಣೆಯನ್ನು ಅವರಿಗೆ ಬಿಟ್ಟುಕೊಡಿ. ಅದಕ್ಕೆ ಮನಸ್ಸಿಲ್ಲದಿದ್ದರೆ ನಡುಬಾಗಿಲಿರುವ ಎರಡು ಕೋಣೆ ಹಿಡಿಯುವುದೇ ಲೇಸು.