ಟಾಂಗಾ ಕುದುರೆಯ ಬೇಸಿಗೆ

ವೈಶಾಖದ ಒಂದು ಮಧ್ಯಾಹ್ನ. ಮೈಸೂರಿನ ಬೀದಿಯೊಂದರಲ್ಲಿ ಟಾಂಗಾದ ಕುದುರೆ ಮೂಗಿನ ಹೊಳ್ಳೆಗಳನ್ನು ಅಗಲಿಸಿಕೊಂಡು ಏದುತ್ತಿದ್ದಿತು. ತೊಗಲಿನ ಪಟ್ಟಿ ಉಜ್ಜುವೆಡೆಯಲ್ಲೆಲ್ಲ ಬೆವರು ಬಿಳಿಯ ನೊರೆಗಟ್ಟಿದ್ದಿತು. ನಾನು ನಲ್ಲಿಯಿಂದ ಬಕೆಟ್ಟು ತುಂಬಿ ತಂದೆ. “ಬೇಡಿ ಸ್ವಾಮಿ, ಕಾದ ಮೈಗೆ ತಣ್ಣೀರು ಬಿದ್ದರೆ ಕಾಲು ಹಿಡಿದುಬಿಡ್ತದೆ” ಎಂದು ಮುದುಕ ಸಾಹೇಬರು ತಡೆದರು.

ಅದು ಉದಾಸೀನದ ಮಾತಲ್ಲ, ಅಕ್ಕರೆಯ ಮಾತು. ಲಾಯದಿಂದ ಲಾಯಕ್ಕೆ ಹರಿದುಬಂದ ಈ ನಂಬಿಕೆ ದೂರದೇಶಗಳ ಸವಾರರಲ್ಲಿಯೂ ಇದ್ದಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಮುನ್ನ ನಡೆದ ಪರೀಕ್ಷೆಗಳು ಅದನ್ನು ಅಲ್ಲಗಳೆದವು. ಬಳಲಿದ ಕುದುರೆಯ ಮೈಮೇಲೆಲ್ಲ ತಣ್ಣೀರನ್ನು ಎಡೆಬಿಡದೆ ಸುರಿಯುವುದು ಹಾನಿಯಲ್ಲ, ಚಿಕಿತ್ಸೆ. ಕುದುರೆಯೂ ನಮ್ಮಂತೆ ಮೈಯೆಲ್ಲ ಬೆವರುವ ಪ್ರಾಣಿ. ಆದರೆ ಅದರ ಬೆವರು ನಮ್ಮದಕ್ಕಿಂತ ಉಪ್ಪು. ಆದುದರಿಂದ ಕುಡಿಯುವ ನೀರಿನೊಡನೆ ಮೇವಿನಲ್ಲಿ ಉಪ್ಪೂ ಬೇಕು. ಮೇಯಲು ಬಿಡುವುದು ಇರುಳಿನಲ್ಲಿ, ಇಲ್ಲವೆ ನಸುಕಿನಲ್ಲಿ; ಹಗಲಿಗೆ ಗಾಳಿಯಾಡುವ ನೆರಳು. ಕಾದ ತಗಡಿನ ಮಾಡಿಗಿಂತ ಮರದಡಿಯೇ ಲೇಸು.

ಇದನ್ನೆಲ್ಲ ಹೇಳಿ, ಬಿಸಿಲಿಳಿಯುವವರೆಗೆ ಗಾಡಿ ಬಿಚ್ಚಬಾರದೆ ಎಂದು ಕೇಳಿದೆ. ಮೇಷ್ಟರ ಚಾಳಿ!

“ಬಿಚ್ಚಬಹುದು ಸ್ವಾಮಿ. ರಾತ್ರಿ ಇದಕ್ಕೆ ಹುರುಳಿ ಎಲ್ಲಿಂದ ತರಲಿ?”

ನನ್ನಲ್ಲಿ ಉತ್ತರವಿರಲಿಲ್ಲ. ಕಾಲಿಗಾದರೂ ಸುರಿಯಲೇ ಎಂದೆ, ಒಪ್ಪಿದರು. ಮೊಣಕಾಲಿನಿಂದ ತೊಡೆಗೆ, ತೊಡೆಯಿಂದ ಕತ್ತಿಗೆ ನೀರು ಏರಿತು. ಕುದುರೆ ಒಮ್ಮೆ ಮೈ ಕೊಡವಿ, ಬರಿದಾದ ಬಕೆಟ್ಟಿಗೆ ಮೂತಿಯಿಟ್ಟಿತು. ಸಾಹೇಬರು ಅದರ ಕಾಲುಗಳನ್ನೇ ನೋಡುತ್ತ ನಿಂತಿದ್ದು, ಕಡೆಗೆ, “ಇನ್ನೊಂದು ತನ್ನಿ” ಎಂದರು.