ಮನೆಯ ಕಂಪ್ಯೂಟರಿನ ಜೀರ್ಣೋದ್ಧಾರ

ಗೃಹಕೃತ್ಯದ ಯಾವ ಸಾಧನವೂ ಒಮ್ಮೆ ತಂದಿಟ್ಟ ಮಾತ್ರಕ್ಕೆ ಕಡೆಯವರೆಗೆ ನೆಟ್ಟಗೆ ನಡೆಯುವದಿಲ್ಲ. ಮಳೆಗಾಲದ ಮುಂಚೆ ಹೆಂಚುಗಳನ್ನು ನೋಡಿಕೊಳ್ಳಬೇಕು. ಸವೆದ ಬೀಸುವ ಕಲ್ಲನ್ನು ಕಟೆಯಿಸಬೇಕು. ಬಾವಿಯ ಹಗ್ಗವನ್ನು ಬದಲಿಸಬೇಕು. ಈಚೆಗೆ ಮನೆಗಳಲ್ಲಿ ಬಂದು ಕುಳಿತಿರುವ ಕಂಪ್ಯೂಟರಿಗೂ ಈ ನಿಯಮ ತಪ್ಪಿದ್ದಲ್ಲ. ಆದರೆ ಹೆಂಚು ಹೊದಿಸುವವನು ಕೆಲಸವನ್ನು ನಡುವೆ ಬಿಟ್ಟುಹೋದರೆ ಅದು ನಮ್ಮ ಕಣ್ಣಿಗೆ ಕಾಣುತ್ತದೆ. ಕಂಪ್ಯೂಟರಿನ ದುರಸ್ತಿ ನಡುವೆ ನಿಂತರೆ ಒಳಗೆ ಏನಾಯಿತೆಂಬದು ಗೃಹಸ್ಥನಿಗೆ ತಿಳಿಯದು. ತಿಳಿಯದೆ ಇದ್ದಲ್ಲಿ ಗಾಬರಿ, ಗಾಬರಿಯಾದಲ್ಲಿ ಅನರ್ಥ. ಈ ಅನರ್ಥದ ಅಂಚಿನವರೆಗೆ ನಾವು ಸ್ವತಃ ಹೋಗಿ ಬಂದವರಾದ ಕಾರಣ, ನಮ್ಮ ಅನುಭವವನ್ನೂ ಅದರಿಂದ ಕಲಿತದ್ದನ್ನೂ ವಾಚಕರ ಮುಂದೆ ಇಡುತ್ತೇವೆ.

ಕಂಪ್ಯೂಟರಿನ ಯಾವತ್ತೂ ಕೆಲಸಗಳನ್ನು ಒಳಗಿದ್ದು ನಡೆಸುವ ಮೂಲ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ನಮ್ಮ ಕಡೆಯ ಮನೆಗಳಲ್ಲಿ ಬಹುಮಟ್ಟಿಗೆ ಇರುವದು ವಿಂಡೋಜ್ ಎಂಬದು. ಇದರಲ್ಲಿ ಕಾಲಕಾಲಕ್ಕೆ ಕಂಡುಬರುವ ಬಿರುಕುಗಳನ್ನು ಮುಚ್ಚಲು ಅದನ್ನು ರಚಿಸಿದವರು ತಿಂಗಳಿಗೊಮ್ಮೆಯಾದರೂ ಕಳುಹಿಸುವ ತಿದ್ದುಪಡಿಯೇ ಅಪ್‌ಡೇಟ್. ಇದು ಬೇಡವೆಂದು ಕೂಡ್ರುವಂತಿಲ್ಲ. ೨೦೧೭ನೆಯ ಮಾರ್ಚ್ ತಿಂಗಳಲ್ಲಿ ಇಂತಹ ಒಂದು ಬಿರುಕಿಗೆ ತಿದ್ದುಪಡಿ ಬಂದಿದ್ದಿತು. ಅದನ್ನು ಹಾಕಿಕೊಳ್ಳದೆ ಇದ್ದ ಲಕ್ಷಾವಧಿ ಯಂತ್ರಗಳನ್ನು ಅದೇ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಹೊಕ್ಕು, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಗ್ಲಂಡಿನ ಆಸ್ಪತ್ರೆಗಳು ಕೂಡ ಕಂಗೆಟ್ಟವು. ಆದ್ದರಿಂದ ಅಪ್‌ಡೇಟು ಅವಶ್ಯ. ಅದು ಕೆಟ್ಟಾಗ ಮಾಡತಕ್ಕದ್ದೇನೆಂಬದೇ ವಿಚಾರ.

ನಾವು ಶಾಲೆಯ ನೌಕರಿಯಲ್ಲಿದ್ದಾಗಿನಿಂದ ದೇಗಾಂವ ಮತ್ತು ಸುತ್ತಲಿನ ಹಳ್ಳಿಗಳ ಮುದುಕಿಯರ ಬಾಯಿಂದ ಬೀಸುವ ಪದಗಳನ್ನು ಬರೆದುಕೊಳ್ಳುತ್ತ ಬಂದಿದ್ದೆವು. ನಮ್ಮ ತಾಯಿಯವರು ಹೇಳಿದವೂ ಅವುಗಳಲ್ಲಿ ಇದ್ದವು. ಅವನ್ನೆಲ್ಲ ಕಂಪ್ಯೂಟರಿನಲ್ಲಿ ನಾವೇ ಬೆರಳಚ್ಚು ಮಾಡಿ ಇಟ್ಟಿದ್ದೆವು. ಮೂಲದ ನೋಟುಬುಕ್ಕುಗಳಲ್ಲಿ ಅರ್ಧದಷ್ಟು ಒಂದು ಮಳೆಗಾಲದಲ್ಲಿ ತೊಯ್ದು ಹೋದವು. ಹಾಡಿದವರಲ್ಲಿ ಈಗ ಒಬ್ಬರೂ ಬದುಕಿಲ್ಲ. ಅಂದ ಮೇಲೆ ಆ ಪೆಟ್ಟಿಗೆಯಲ್ಲಿದ್ದದ್ದು ಕೇವಲ ಕಡತವಲ್ಲ. ಮತ್ತೆ ಕೇಳಲಾಗದ ಧ್ವನಿಗಳ ಉಳಿಕೆ. ಅದರ ಇನ್ನೊಂದು ಪ್ರತಿಯನ್ನು ಮಾಡಿಡುವ ಬುದ್ಧಿ ಮಾತ್ರ ನಮಗೆ ಹುಟ್ಟಿರಲಿಲ್ಲ.

ಒಂದು ಆಷಾಢದ ಮುಂಜಾನೆ ಅಪ್‌ಡೇಟು ತಾನಾಗಿ ಆರಂಭವಾಯಿತು. ಕಂಪ್ಯೂಟರನ್ನು ಆರಿಸಬೇಡಿರೆಂಬ ಒಕ್ಕಣೆ ಪರದೆಯ ಮೇಲೆ ಇದ್ದಿತು. ಪ್ರತಿಶತ ೩೦ಕ್ಕೆ ಬಂದ ಅಂಕೆ ಕಾಲು ತಾಸಾದರೂ ಮುಂದಕ್ಕೆ ಸರಿಯಲಿಲ್ಲ. ಯಂತ್ರ ಸಿಕ್ಕಿಬಿದ್ದಿತೆಂದು ಬಗೆದು ನಾವು ಗುಂಡಿಯನ್ನು ಒತ್ತಿ ಹಿಡಿದು ಆರಿಸಿಬಿಟ್ಟೆವು. ಮತ್ತೆ ಹಚ್ಚಿದಾಗ, ಮಾಡಿದ ಬದಲಾವಣೆಗಳನ್ನು ಹಿಂದೆಗೆದುಕೊಳ್ಳಲಾಗುತ್ತಿದೆ ಎಂಬ ಅರ್ಥದ ಸೂಚನೆ ಬಂದು, ಬಹಳ ಹೊತ್ತಿನ ಮೇಲೆ ಯಂತ್ರವು ಮೊದಲಿನ ಸ್ಥಿತಿಗೆ ಬಂದಿತು. ಅಂಜಿಕೆಯಿಂದ ನಾವು ಅದರ ತಂತಿಯನ್ನೇ ಕಿತ್ತು ಎಂಟು ದಿನ ಬಿಟ್ಟೆವು. ಬಳಿಕ ಪಟ್ಟಣದ ಅಂಗಡಿಯೊಂದಕ್ಕೆ ಒಯ್ದಾಗ ಅಲ್ಲಿಯ ತರುಣನು, “ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕ್ರಿ ಸರ, ಸಂಜೀಕ ಬರ್ರಿ” ಎಂದನು. ನಾವು ಹೂಂ ಎನ್ನುವವರೇ ಇದ್ದೆವು. ಅಷ್ಟರಲ್ಲಿ ಧಾರವಾಡದಲ್ಲಿ ಓದುತ್ತಿರುವ ನಮ್ಮ ಕಿರಿಯ ಮಗಳ ಫೋನು ಬಂದಿತು. “ಅಪ್ಪಾ, ಗಡಿಬಿಡಿ ಮಾಡಬ್ಯಾಡ್ರಿ. ಯಂತ್ರ ಹತ್ತತದ ಅಂದ್ರ ಮೊದಲ ಹಾಡ ಎಲ್ಲಾ ಹೊರಗ ತಗೀರಿ. ಆಮ್ಯಾಲೆ ಉಳದದ್ದ ನೋಡೂಣು” ಎಂದು ಅವಳು ಹೇಳಿದಳು. ಪೆಟ್ಟಿಗೆಯನ್ನು ಹಾಗೆಯೇ ಹೊತ್ತು ಮನೆಗೆ ಬಂದೆವು.

ಅವಳ ಮಾತಿನಲ್ಲಿ ನಮಗೆ ಆಗಮಶಾಸ್ತ್ರದ ಒಂದು ವಿಧಿ ಕಂಡಿತು. ನಮ್ಮ ಊರಲ್ಲಿ ಗೋವೆಯ ಕದಂಬರ ಕಾಲದ, ೧೨ನೆಯ ಶತಮಾನದಲ್ಲಿ ರಾಣಿ ಕಮಲಾದೇವಿಯು ಕಟ್ಟಿಸಿದ ಕಮಲನಾರಾಯಣನ ಗುಡಿ ಇರುವದನ್ನು ವಾಚಕರಲ್ಲಿ ಅನೇಕರು ಬಲ್ಲರು. ಇಂತಹ ಯಾವ ಗುಡಿಯ ಜೀರ್ಣೋದ್ಧಾರಕ್ಕಾದರೂ ಕೈಹಚ್ಚುವ ಮುಂಚೆ ಬಾಲಾಲಯವೆಂಬ ಚಿಕ್ಕ ಗುಡಿಯನ್ನು ಮಾಡಿ, ದೇವರ ಸಾನ್ನಿಧ್ಯವನ್ನು ಅದರಲ್ಲಿ ನೆಲೆಗೊಳಿಸಬೇಕೆಂದು ಶಾಸ್ತ್ರವಿದೆ. ಆ ಬಳಿಕವೇ ಕಲ್ಲು ಕೀಳತಕ್ಕದ್ದು. ಕಂಪ್ಯೂಟರಿನಲ್ಲಿ ವಿಂಡೋಜ್ ಎಂಬದು ಗುಡಿಯ ಕಲ್ಲು. ಕೆಟ್ಟರೆ ಮತ್ತೆ ದೊರೆಯುತ್ತದೆ. ನಾವು ಬರೆದದ್ದು, ಮನೆಯ ಚಿತ್ರಗಳು, ಲೆಕ್ಕಪತ್ರಗಳು — ಇವು ಒಳಗಿನ ಮೂರ್ತಿ, ಹೋದರೆ ಬರುವದಿಲ್ಲ. ಆದ್ದರಿಂದ ಅಪ್‌ಡೇಟು ಕೆಟ್ಟಾಗ ಮೊದಲನೆಯ ಕೆಲಸ ದುರಸ್ತಿಯಲ್ಲ. ಪೆನ್‌ಡ್ರೈವಿಗೋ ಹೊರಗಿನ ಹಾರ್ಡ್‌ಡಿಸ್ಕಿಗೋ ಪ್ರತಿ ತೆಗೆಯುವದು. ಅಂಗಡಿಯವನಿಗೆ ಕೊಡುವದಾದರೂ ಇದಾದ ಮೇಲೆಯೇ.

ಪ್ರತಿ ತೆಗೆದರೆ ಸಾಲದು, ತೆರೆದು ಓದಿನೋಡಬೇಕು. ನಾವು ತೆಗೆದಿಟ್ಟ ಪದಗಳನ್ನು ಮಗಳು ರವಿವಾರ ಬಂದು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಕನ್ನಡದ ಒಂದಕ್ಷರವೂ ಕಾಣದೆ, ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ನಮ್ಮ ಎದೆ ಧಸಕ್ಕೆಂದಿತು. ಆದರೆ ಪದಗಳು ಕೆಟ್ಟಿರಲಿಲ್ಲ. ಹಳೆಯ ಬಗೆಯ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿಯೇ ಕನ್ನಡದ ಅಕ್ಷರಖಂಡಗಳನ್ನು ಕೂಡ್ರಿಸುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಮನೆಯ ಮೂಲ ಒಡೆಯನಾದ ಇಂಗ್ಲಿಷ್ ಅಕ್ಷರವೇ ತೋರುತ್ತದೆ. ೧೯೯೧ರಲ್ಲಿ ಹೊರಬಿದ್ದ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಆದ ಸ್ಥಾನಗಳಿವೆ. ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಹಳೆಯ ಬರವಣಿಗೆಯನ್ನು ಯೂನಿಕೋಡಿಗೆ ತಿರುಗಿಸುವ ಸಾಧನವಿದೆ. ಹಾಗೆ ತಿರುಗಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಿಟ್ಟು ತಿದ್ದಬೇಕು. ಹಳೆಯ ಕನ್ನಡ ಕಡತಗಳಿರುವ ಪ್ರತಿಯೊಬ್ಬ ಗೃಹಸ್ಥನೂ ಯಂತ್ರ ನೆಟ್ಟಗಿರುವಾಗಲೇ ಇದನ್ನು ಮಾಡಿಕೊಳ್ಳುವದು ಹಿತ.

ಇನ್ನು ಅಪ್‌ಡೇಟಿನ ಕ್ರಮವನ್ನು ತಿಳಿದರೆ ಅದರ ದೋಷವೂ ತಿಳಿಯುವದು. ತಿದ್ದುಪಡಿಯು ಮೊದಲು ಅಂತರ್ಜಾಲದಿಂದ ಇಳಿಯುತ್ತದೆ. ತರುವಾಯ ಅದರ ಮುದ್ರೆ ನಿಜವಾದದ್ದೇ ಎಂದು ಯಂತ್ರವು ಪರೀಕ್ಷಿಸುತ್ತದೆ. ಅನಂತರ ಹೊಸ ಭಾಗಗಳನ್ನು ಒಂದು ಕಡೆ ಜೋಡಿಸಿಕೊಂಡು, ಯಂತ್ರ ಆರಿ ಹೊತ್ತುವಾಗ ಹಳೆಯವುಗಳ ಜಾಗದಲ್ಲಿ ಕೂಡ್ರಿಸುತ್ತದೆ. ಈ ಕೊನೆಯ ಹಂತ ಕೆಟ್ಟರೆ ಹಿಂದಿನದನ್ನೇ ಮರಳಿ ಸ್ಥಾಪಿಸಲು ಯತ್ನಿಸುತ್ತದೆ. ಆ ಹಿಂದೆಗೆತವು ದೋಷವಲ್ಲ, ರಕ್ಷಣೆ. ಅದರ ನಡುವೆ ಆರಿಸುವದು ಮೊದಲಿನ ತಪ್ಪಿಗಿಂತ ದೊಡ್ಡ ತಪ್ಪು. ಹಳೆಯ ಯಂತ್ರಗಳಲ್ಲಿ ಅಂಕೆ ಒಂದೆಡೆ ತಾಸುಗಟ್ಟಲೆ ನಿಲ್ಲುವದುಂಟು. ಪೆಟ್ಟಿಗೆಯ ಮೇಲಿನ ಹಾರ್ಡ್‌ಡಿಸ್ಕಿನ ದೀಪ ಮಿಣುಕುತ್ತಿರುವ ತನಕ ಒಳಗೆ ಕೆಲಸ ನಡೆದಿದೆಯೆಂದು ತಿಳಿದು, ಎರಡು ಮೂರು ತಾಸಾದರೂ ತಾಳಬೇಕು. ನಮ್ಮ ಕಾಲು ತಾಸಿನ ತಾಳ್ಮೆ ತಾಳ್ಮೆಯೇ ಅಲ್ಲ.

ಪ್ರತಿ ತೆಗೆದಾದ ಮೇಲೆ ಕಾರಣಗಳನ್ನು ಒಂದೊಂದಾಗಿ ನೋಡಬೇಕು. ಪರದೆಯ ಮೇಲೆ ಬರುವ ದೋಷಾಂಕವನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು, ಅಥವಾ ಮೊಬೈಲಿನಲ್ಲಿ ಅದರ ಚಿತ್ರ ತೆಗೆದಿಡಬೇಕು. ವೈದ್ಯನಿಗೆ ನಾಡಿಯಿದ್ದಂತೆ ತಿಳಿದವರಿಗೆ ಈ ಅಂಕ.

ಮೊದಲನೆಯದು ತಾರೀಖು. ನಮ್ಮ ಯಂತ್ರವು ಎಂಟು ದಿನ ವಿದ್ಯುತ್ತಿಲ್ಲದೆ ಇದ್ದು ಹೊತ್ತಿಕೊಂಡಾಗ ಅದರ ಮೂಲೆಯಲ್ಲಿ ಎಷ್ಟೋ ವರುಷ ಹಿಂದಿನ ತಾರೀಖು ಇದ್ದಿತು. ಕಂಪ್ಯೂಟರಿನ ಒಳಗೆ ನಾಣ್ಯದ ಆಕಾರದ ಒಂದು ಸೆಲ್ಲು ಇರುತ್ತದೆ. ಯಂತ್ರ ಆರಿದ್ದಾಗ ಗಡಿಯಾರವನ್ನು ನಡೆಸುವದು ಅದೇ. ಅದು ಸತ್ತರೆ ಕಾಲ ತಪ್ಪುತ್ತದೆ. ಕಾಲ ತಪ್ಪಿದರೆ ಮುದ್ರೆಯ ಅವಧಿ ತಾಳೆಯಾಗದೆ ಅಪ್‌ಡೇಟು ಇಳಿಯುವದೇ ಇಲ್ಲ. ಸಾಮಾನ್ಯವಾಗಿ ಇದು ಸಿ.ಆರ್. ೨೦೩೨ ಎಂಬ ಗುರುತಿನ ಸೆಲ್ಲು, ಬೆಲೆ ಅತ್ಯಲ್ಪ. ಅದನ್ನು ಬದಲಿಸಿ ತಾರೀಖು ಸರಿಪಡಿಸಿದ ಕೂಡಲೆ ನಮ್ಮ ಅಪ್‌ಡೇಟು ಇಳಿಯತೊಡಗಿತು.

ಎರಡನೆಯದು ಸ್ಥಳ. ಇಳಿದ ಅಪ್‌ಡೇಟು ನಮ್ಮಲ್ಲಿ ೮೦೦೭೦೦೭೦ ಎಂದು ಕೊನೆಗೊಳ್ಳುವ ಅಂಕ ತೋರಿಸಿ ಮತ್ತೆ ನಿಂತಿತು. ಡಿಸ್ಕಿನಲ್ಲಿ ಜಾಗವಿಲ್ಲವೆಂಬದೇ ಇದರ ಅರ್ಥ. ನೋಡಿದರೆ ಖಾಲಿ ಇದ್ದದ್ದು ೩ ಜೀಬಿ ಮಾತ್ರ. ಮಿಕ್ಕದ್ದೆಲ್ಲ ಹಿರಿಯ ಮಗನ ಮದುವೆಯ ವಿಡಿಯೋಗಳೇ. ದೊಡ್ಡ ಅಪ್‌ಡೇಟಿಗೆ ೨೦ ಜೀಬಿಯಷ್ಟಾದರೂ ತೆರವಿರಬೇಕು. ವಿಡಿಯೋಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಿ, ಸೆಟ್ಟಿಂಗ್ಸಿನಲ್ಲಿಯ ತಾತ್ಕಾಲಿಕ ಕಡತಗಳನ್ನು ಅಳಿಸಿದೆವು. ಇಲ್ಲಿ ಒಂದು ಎಚ್ಚರಿಕೆ: ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಕಪಾಟೂ ಸೇರಿರುತ್ತದೆ. ಅದರಲ್ಲಿ ಬೇಕಾದ ಕಾಗದಪತ್ರಗಳಿದ್ದರೆ ಆ ಗುರುತನ್ನು ತೆಗೆಯದೆ ಅಳಿಸಬಾರದು.

ಮೂರನೆಯದು ವಿದ್ಯುತ್ತು. ಮಳೆ ಗುಡುಗುಗಳ ಸಂಜೆಯಲ್ಲಿ ಅಪ್‌ಡೇಟನ್ನು ಆರಂಭಿಸಬಾರದು. ಯು.ಪಿ.ಎಸ್. ಕೆಲವು ನಿಮಿಷಗಳಿಗೆ ಆಧಾರವೇ ಹೊರತು ತಾಸುಗಳಿಗಲ್ಲ. ಲ್ಯಾಪ್‌ಟಾಪಿಗೆ ಚಾರ್ಜರು ಹಚ್ಚಿಯೇ ಇರಬೇಕು. ನಾಲ್ಕನೆಯದು ಅಂತರ್ಜಾಲ. ಮೊಬೈಲಿನ ಹಾಟ್‌ಸ್ಪಾಟನ್ನು ಮಿತವೆಚ್ಚದ ಸಂಪರ್ಕವೆಂದು ಗುರುತು ಮಾಡಿದ್ದರೆ ದೊಡ್ಡ ಅಪ್‌ಡೇಟು ಇಳಿಯದು. ಐದನೆಯದು ಹೊರಗಿನ ಉಪಕರಣಗಳು. ಪೆನ್‌ಡ್ರೈವು, ಪ್ರಿಂಟರುಗಳನ್ನು ಬಿಡಿಸಿ ಪ್ರಯತ್ನಿಸಬೇಕು. ಬೇರೆಯವರ ಆಂಟಿವೈರಸ್ ಇದ್ದರೆ ಅದನ್ನು ತಾತ್ಕಾಲಿಕವಾಗಿ ತೆಗೆದಿಡಬೇಕು.

ಇಷ್ಟಾದರೂ ಕೂಡದಿದ್ದರೆ ಸೆಟ್ಟಿಂಗ್ಸಿನಲ್ಲಿ ಟ್ರಬಲ್‌ಶೂಟರ್ ಎಂಬ ದೋಷಶೋಧಕವನ್ನು ನಡೆಸಬೇಕು. ತಿಳಿದವರು ಹತ್ತಿರವಿದ್ದರೆ ಡಿಸಮ್ ಎಂಬ ಆಜ್ಞೆಯಿಂದ ಮೂಲ ಭಾಗಗಳ ಉಗ್ರಾಣವನ್ನು ಮೊದಲು ಸರಿಪಡಿಸಿ, ಅನಂತರ ಎಸ್.ಎಫ್.ಸಿ. ಎಂಬ ಆಜ್ಞೆಯಿಂದ ಕೆಟ್ಟ ಕಡತಗಳನ್ನು ಬದಲಿಸಬಹುದು. ಉಗ್ರಾಣವೇ ಕೆಟ್ಟಿದ್ದರೆ ಅಲ್ಲಿಂದ ತಂದ ಸಾಮಾನೂ ಕೆಟ್ಟದ್ದೇ ಆಗುವದರಿಂದ ಈ ಅನುಕ್ರಮವನ್ನು ತಪ್ಪಿಸಬಾರದು.

ಯಂತ್ರವು ಹೊತ್ತಿಕೊಳ್ಳುವದನ್ನೇ ಬಿಟ್ಟರೆ? ಆಗಲೂ ಧೈರ್ಯ ಬಿಡಬಾರದು. ಎರಡು ಮೂರು ಸಲ ಆರಂಭವು ಕೆಟ್ಟ ಮೇಲೆ ದುರಸ್ತಿಯ ಪರದೆ ತಾನೇ ಬರುತ್ತದೆ. ಅಲ್ಲಿ ಆರಂಭದ ದೋಷವನ್ನು ಸರಿಪಡಿಸುವ ಮಾರ್ಗವೂ, ಕೊನೆಗೆ ಹಾಕಿದ ಅಪ್‌ಡೇಟನ್ನು ತೆಗೆದುಹಾಕುವ ಮಾರ್ಗವೂ ಇವೆ. ಇವನ್ನು ಮುಗಿಸಿದ ಮೇಲೆಯೇ ರೀಸೆಟ್. ಅದರಲ್ಲಿಯೂ ಕಡತಗಳನ್ನು ಉಳಿಸುವದು, ಎಲ್ಲವನ್ನೂ ಅಳಿಸುವದು ಎಂದು ಎರಡು ಬಾಗಿಲುಗಳಿವೆ. ಎರಡನೆಯದರ ಹತ್ತಿರ ಹೋಗಬಾರದು. ಮೊದಲನೆಯದು ಕೂಡ ನಾವು ಹಾಕಿಕೊಂಡ ತಂತ್ರಾಂಶಗಳನ್ನು ಉಳಿಸುವದಿಲ್ಲ. ಇದಾವುದೂ ಸಾಗದಿದ್ದರೆ ಹಾರ್ಡ್‌ಡಿಸ್ಕನ್ನು ಹೊರದೆಗೆದು ಬೇರೆ ಯಂತ್ರಕ್ಕೆ ಜೋಡಿಸಿ ಕಡತಗಳನ್ನು ತೆಗೆಯಬಹುದು. ಆದರೆ ಈಚಿನ ಅನೇಕ ಯಂತ್ರಗಳಲ್ಲಿ ಡಿಸ್ಕು ಬೀಗದಲ್ಲಿರುತ್ತದೆ. ದುರಸ್ತಿಯ ವೇಳೆಗೆ ಅದು ೪೮ ಅಂಕೆಗಳ ಕೀಲಿಯನ್ನು ಕೇಳುವದುಂಟು. ಯಂತ್ರ ನೆಟ್ಟಗಿರುವಾಗಲೇ ಆ ಅಂಕೆಗಳನ್ನು ಬರೆದು, ಮನೆಯ ದಸ್ತೈವಜುಗಳ ಸಂಗಡ ಇಟ್ಟಿರಬೇಕು.

ಕೆಲವು ಸಲ ತಪ್ಪು ನಮ್ಮದಾಗಿರುವದೇ ಇಲ್ಲ. ೨೦೧೮ರ ಅಕ್ಟೋಬರದಲ್ಲಿ ಹೊರಬಿದ್ದ ವಿಂಡೋಜ್ ಅಪ್‌ಡೇಟೊಂದು ಕೆಲವರ ಕಡತಗಳನ್ನೇ ಅಳಿಸಿದ್ದರಿಂದ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದು, ನವೆಂಬರದಲ್ಲಿ ತಿದ್ದಿ ಕಳುಹಿಸಿದರು. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಒಂದು ತಿದ್ದುಪಡಿ ತಪ್ಪಿ, ಮೈಕ್ರೋಸಾಫ್ಟಿನವರ ಅಂದಾಜಿನಂತೆ ೮೫ ಲಕ್ಷ ಯಂತ್ರಗಳು ನಿಂತವು. ಬೆಂಗಳೂರಿನ ವಿಮಾನ ಪ್ರಯಾಣಿಕರೂ ತೊಂದರೆಗೀಡಾದರು. ಪಂಡಿತರ ಕೈಯಿಂದಲೂ ಹೀಗಾಗುವದಾದರೆ ಗೃಹಸ್ಥನು ತನ್ನನ್ನು ಹಳಿದುಕೊಳ್ಳುವ ಕಾರಣವಿಲ್ಲ. ಅಪ್‌ಡೇಟು ಬಂದ ದಿನವೇ ಅವಸರಿಸದೆ ಒಂದು ವಾರ ತಡೆದು ಹಾಕಿಕೊಳ್ಳುವದರಲ್ಲಿ ದೋಷವಿಲ್ಲ. ಸೆಟ್ಟಿಂಗ್ಸಿನಲ್ಲಿ ಅದಕ್ಕೆ ಅನುಕೂಲವಿದೆ. ಆದರೆ ಒಂದು ವಾರದ ತಡೆಯು ವರುಷದ ಆಲಸ್ಯಕ್ಕೆ ತಿರುಗಬಾರದು.

ಯಂತ್ರವೇ ಹಳೆಯದಾಗಿದ್ದರೆ ಮಾತು ಬೇರೆ. ವಿಂಡೋಜ್ ೧೦ಕ್ಕೆ ಸಾಮಾನ್ಯವಾದ ಉಚಿತ ತಿದ್ದುಪಡಿಗಳು ೨೦೨೫ರ ಅಕ್ಟೋಬರ ೧೪ಕ್ಕೆ ಮುಗಿದವು. ವಿಂಡೋಜ್ ೧೧ ಎಂಬದು ಟಿ.ಪಿ.ಎಂ. ೨.೦ ಎಂಬ ಭದ್ರತೆಯ ಅಂಗವನ್ನು ಅಪೇಕ್ಷಿಸುತ್ತದೆ. ಅದಿಲ್ಲದ ಯಂತ್ರದಲ್ಲಿ ಅಪ್‌ಡೇಟು ಕೂಡದಿದ್ದರೆ ಅದು ರೋಗವಲ್ಲ, ಮುಪ್ಪು. ಅಂತಹದರಲ್ಲಿ ಲಿನಕ್ಸ್ ಹಾಕಿಸಿಕೊಂಡು ಕೆಲವು ವರುಷ ನಡೆಸಬಹುದು; ಬ್ಯಾಂಕಿನ ವ್ಯವಹಾರವನ್ನು ಮಾತ್ರ ತಿದ್ದುಪಡಿ ನಿಂತ ಯಂತ್ರದಲ್ಲಿ ಮಾಡದಿರುವದು ಒಳಿತು.

ಜಾಗ ತೆರವಾದ ಮರುದಿನ ಮುಂಜಾನೆ ನಮ್ಮ ಅಪ್‌ಡೇಟು ಮತ್ತೆ ಆರಂಭವಾಯಿತು. ಈ ಸಲವೂ ಅಂಕೆ ೩೦ಕ್ಕೆ ಬಂದು ನಿಂತಿತು. ನಾವು ಎದ್ದು ಸ್ನಾನಕ್ಕೆ ಹೋದೆವು; ಸಂಧ್ಯಾವಂದನೆ ಮುಗಿಸಿ ಬಂದಾಗ ಕೆಲಸ ಪೂರ್ತಿಯಾಗಿದ್ದಿತು. ಬೀಸುವ ಪದಗಳ ಒಂದು ಪ್ರತಿ ಈಗ ಯಂತ್ರದಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಧಾರವಾಡದಲ್ಲಿ ಮಗಳ ಹತ್ತಿರ ಇವೆ. ಒಂದನ್ನು ಕಾಗದದ ಮೇಲೆ ಮುದ್ರಿಸಿ ಹೊಲಿಸಿ ಇಟ್ಟಿದ್ದೇವೆ. ಆ ದಿನ ಅಂಗಡಿಯಲ್ಲಿ ಹೂಂ ಎಂದಿದ್ದರೆ ನಮ್ಮ ತಾಯಿಯವರ ಪದಗಳು ಸಂಜೆಯೊಳಗೆ ಇಲ್ಲವಾಗುತ್ತಿದ್ದವು. ವಾಚಕರು ಅಪ್‌ಡೇಟು ಕೆಡುವ ದಿನವನ್ನು ಕಾಯದೆ, ಈ ಸಂಚಿಕೆಯನ್ನು ಕೆಳಗಿಟ್ಟ ಕೂಡಲೆ ತಮ್ಮ ಮನೆಯ ಬಾಲಾಲಯವನ್ನು ಕಟ್ಟಿಕೊಳ್ಳಬೇಕೆಂದು ಬಿನ್ನಹ.